ಜಲ್ಲಿ ದಾರಿಯ ಬಿಳಿ ಹನಿ

ರಕ್ತ ಜಲ್ಲಿಯ ಮೇಲೆ ನಿಂತಿರಲಿಲ್ಲ, ಒಳಕ್ಕೆ ಇಳಿದಿತ್ತು. ಸಣಕಲು ಮೈಗೆ ಕಡ್ಡಿ ಎಂದೇ ಹೆಸರಾದ ಕಾನ್‌ಸ್ಟೇಬಲ್ ಮೇಲಿನ ಕಲ್ಲುಗಳನ್ನು ಸರಿಸಿದ್ದೇ ತಡ, ಅಡಿಯ ಪದರ ಕಪ್ಪಗೆ ಅಂಟಿಕೊಂಡು ಕೂತಿದ್ದು ಕಂಡಿತು, ನೊಣಗಳು ಗುಂಯ್ ಎಂದು ಎದ್ದವು. ಅವನು ದ್ರಾಕ್ಷಿ ಸಾಲಿನ ಕಡೆಗೆ ನಾಲ್ಕು ಹೆಜ್ಜೆ ಓಡಿ ಬೆಳಗಿನ ತಿಂಡಿಯನ್ನೆಲ್ಲ ಬಳ್ಳಿಯ ಬುಡಕ್ಕೆ ಸುರಿದ.

“ಗೊಬ್ಬರ ಆಯ್ತು ಬಿಡು,” ಅಂದಳು ಇನ್‌ಸ್ಪೆಕ್ಟರಮ್ಮ. “ಬಾಯಿ ತೊಳ್ಕೊಂಡು ಬಂದು ಟೇಪ್ ಹಿಡಿ.”

ನಿನ್ನೆ ಬೆಳಗ್ಗೆ ಇದೇ ಇಳಿಜಾರಿನಲ್ಲಿ, ಎರಡು ಬಳ್ಳಿಕಂಬಗಳ ನಡುವೆ ಅಡ್ಡ ಬಿಗಿದಿದ್ದ ತಂತಿ ಸೈಕಲ್ಲಿನ ಮೇಲೆ ಬರುತ್ತಿದ್ದ ಡ್ರಾಯಿಂಗ್ ಮೇಷ್ಟ್ರ ಕುತ್ತಿಗೆಯನ್ನು ಮುಕ್ಕಾಲು ಕೊಯ್ದಿತ್ತು. ಸೈಕಲ್ ಮಾತ್ರ ಏನೂ ಆಗದಂತೆ ಮೂವತ್ತು ಅಡಿ ಮುಂದೆ ಹೋಗಿ ಬಿದ್ದಿತ್ತು.

“ನಾಲ್ಕು ಅಡಿ ಎರಡು ಅಂಗುಲ,” ಅಂದ ಕಡ್ಡಿ, ಮುಖ ಒರೆಸಿಕೊಳ್ಳುತ್ತ. “ಹ್ಯಾಂಡಲ್ ಮೇಲೆ ಬಗ್ಗಿ ಬರೋನಿಗೆ ಸರಿಯಾಗಿ ಗಂಟಲು. ಸೈಕಲ್ ತುಳಿದು ಗೊತ್ತಿರೋರ ಕೆಲಸ ಮೇಡಂ.”

“ಇಲ್ಲ, ಸೈಕಲ್ಲಿನವರನ್ನ ದಿನಾ ಕಣ್ಣಲ್ಲಿ ಅಳೆಯೋರ ಕೆಲಸ.”

ಹಾಗೆ ಅಳೆಯುತ್ತಿದ್ದವನು ಯಾರೆಂದು ಇಬ್ಬರಿಗೂ ಗೊತ್ತಿತ್ತು. ಈ ತೋಟದ ಮುದುಕ ಸಾಯುವಾಗ ದ್ರಾಕ್ಷಿ ಗುಡ್ಡಗಳನ್ನೆಲ್ಲ ದೊಡ್ಡ ಮಗನಿಗೆ ಬರೆದು, ಅವುಗಳ ನಡುವೆ ಏರಿ ಇಳಿದು ಹೋಗುವ ಈ ಜಲ್ಲಿ ದಾರಿಯನ್ನು ಮಾತ್ರ ಚಿಕ್ಕ ಮಗನ ಹೆಸರಿಗೆ ಮಾಡಿದ್ದ. ಯಾವ ಗಳಿಗೆಯಲ್ಲಿ ಮಾಡಿದನೋ! ಚಿಕ್ಕವನು ಎರಡೂ ತುದಿಗೆ ಕಬ್ಬಿಣದ ಗೇಟು ನಿಲ್ಲಿಸಿ ಬೀಗ ಜಡಿದ. ಎಂಜಿನ್ ಇರುವ ಯಾವುದೂ ಒಳಗೆ ಬರುವಂತಿಲ್ಲ. ದೂರದೂರದಿಂದ ಬರುವವರಿಗೆ ದಪ್ಪ ಟೈರಿನ ಸೈಕಲ್ ಕೊಟ್ಟು, ತಾನೇ ಗೈಡ್ ಆಗಿ ಮುಂದೆ ಹೊರಟು, ವಾಹನದ ಸದ್ದೇ ಇಲ್ಲದ ಗುಡ್ಡಗಳಲ್ಲಿ ಸುತ್ತಿಸಿಕೊಂಡು ಬರುತ್ತಿದ್ದ. ಅಣ್ಣನ ಟ್ರ್ಯಾಕ್ಟರ್ ಕೊಯ್ಲಿನ ಕಾಲದಲ್ಲಿ ಹಣ್ಣು ಹೊತ್ತುಕೊಂಡು ಹೊರಗಿನ ರಸ್ತೆಯಲ್ಲಿ ಹದಿನಾರು ಕಿಲೋಮೀಟರ್ ಬಳಸಿ ಬರಬೇಕಿತ್ತು. ಅಣ್ಣ ತಮ್ಮ ಮಾತು ಬಿಟ್ಟು ಮೂರು ವರ್ಷವಾಗಿತ್ತು, ತಮ್ಮನ ಸೈಕಲ್ಲನ್ನು ಅಣ್ಣ ಬಳ್ಳಿಸಾಲಿನಿಂದ ದಿನಾ ದುರುಗುಟ್ಟಿ ನೋಡುತ್ತಿದ್ದ.

“ದಿನಾ ಮುಂದೆ ಹೋಗೋನು ಗೈಡು,” ಅಂದಳು ಇನ್‌ಸ್ಪೆಕ್ಟರಮ್ಮ. “ನಿನ್ನೆ ಗುಡ್ಡದ ನೆತ್ತಿ ಮೇಲೆ ಅವನ ಟೈರ್ ಪಂಕ್ಚರ್ ಆಯ್ತು, ನಿಂತ. ಮೇಷ್ಟ್ರು ಮುಂದೆ ಹೋದ್ರು, ಸತ್ರು. ತಂತಿ ಕಾಯ್ತಿದ್ದದ್ದು ಗೈಡ್‌ನ ಕುತ್ತಿಗೆಗೆ. ಆದರೆ ಆ ಪಂಕ್ಚರ್ ಯಾಕೋ ನನ್ನ ತಲೆಯೊಳಗೆ ಕೊರೀತಾ ಇದೆ.”

ಇಬ್ಬರೂ ನೆತ್ತಿಗೆ ನಡೆದರು. ಐವತ್ತು ದಾಟಿದ ಇನ್‌ಸ್ಪೆಕ್ಟರಮ್ಮನ ಬಲ ಮೊಣಕಾಲು ಎಂದೋ ಒಬ್ಬ ಕಳ್ಳನ ಹಿಂದೆ ಗೋಡೆ ಹಾರಿದಾಗಿನಿಂದ ಮುನಿಸಿಕೊಂಡಿತ್ತು. ಏರು ಹತ್ತುವಾಗ ಅವಳು ಹಲ್ಲು ಕಚ್ಚಿಕೊಂಡೇ ಹತ್ತಿದಳು.

ಗೈಡ್ ನಿಂತಿದ್ದ ಜಾಗದಲ್ಲಿ ಜಲ್ಲಿಯ ಮೇಲೆ ಬೆಳ್ಳಗೆ ಚೆಲ್ಲಿ ಒಣಗಿದ್ದ ಒಂದು ಕಲೆಯಿತ್ತು.

“ಹಕ್ಕಿ ಹಿಕ್ಕೆ,” ಅಂದ ಕಡ್ಡಿ.

ಅವಳು ಉಗುರಿನಿಂದ ಎಬ್ಬಿದಳು. ಕಲೆ ರಬ್ಬರಿನ ಹಾಗೆ ಜಗ್ಗುತ್ತ ಎದ್ದು ಬಂತು. “ಇಂಥ ಹಿಕ್ಕೆ ಹಾಕೋ ಹಕ್ಕಿ ಇದ್ರೆ ಸಾಕ್ಕೋ, ಚಪ್ಪಲಿ ಅಂಗಡಿ ಇಡಬಹುದು. ಟೈರ್ ಒಳಗೆ ಹಾಕ್ತಾರಲ್ಲ, ತೂತು ಬಿದ್ರೆ ತಾನೇ ಹೆಪ್ಪುಗಟ್ಟಿ ಮುಚ್ಚೋ ಬಿಳಿ ಅಂಟು? ಅದು.”

ಕಲೆಯಿಂದ ಐದು ಮೊಳ ಹಿಂದೆ ಇನ್ನೊಂದು ಸಣ್ಣ ಹನಿ ಇತ್ತು. ಅದರ ಹಿಂದೆ ಮತ್ತೊಂದು. ಸೈಕಲ್ ಎಲ್ಲಿಂದ ಬಂದಿತ್ತೋ ಆ ಕಡೆಗೆ, ಗಾಲಿಯ ಒಂದೊಂದು ಸುತ್ತಿಗೆ ಒಂದೊಂದರಂತೆ, ಹನಿಗಳು ಸಾಲಾಗಿ ಇಳಿದು ಹೋಗಿದ್ದವು.

ಗೈಡ್ ಹೇಳಿದ್ದಂತೆ ಮುಳ್ಳು ನೆತ್ತಿಯ ಮೇಲೆ ಚುಚ್ಚಿದ್ದರೆ ಹನಿ ಅಲ್ಲೇ ಶುರುವಾಗಬೇಕಿತ್ತು.

ಗೇಟು ತೆಗೆಸಿ ಜೀಪು ತರಿಸಬಹುದಿತ್ತು. ಆದರೆ ಜೀಪಿನ ಗಾಲಿಯಡಿ ಸುಳಿವೆಲ್ಲ ಅರೆದು ಹೋಗುತ್ತಿತ್ತು. ಹಾಗಾಗಿ ಬೆಳಗ್ಗೆ ಬಂದದ್ದೂ ಗೈಡ್‌ನ ಬಾಡಿಗೆ ಸೈಕಲ್ಲುಗಳಲ್ಲಿಯೇ, ಈಗ ಹಿಂದಿರುಗಿದ್ದೂ ಅವುಗಳಲ್ಲಿಯೇ. ಎಡಬಲಕ್ಕೆ ಹಣ್ಣು ತೂಗುವ ಬಳ್ಳಿಗಳು, ಅವುಗಳ ಮೇಲೆ ಹಕ್ಕಿಬಲೆ, ಕೆಳಗೆ ಗರಗರ ಎನ್ನುವ ಜಲ್ಲಿ. ಅವಳ ಕಣ್ಣು ಮಾತ್ರ ಮುಂದಿನ ಗಾಲಿಯ ಮುಂದೆ ಒಂದು ಮಾರು ದೂರದಲ್ಲಿ, ಬಿಳಿ ಹನಿಗಳ ಮೇಲೆ ನೆಟ್ಟಿತ್ತು. ನಾಲ್ಕು ಕಿಲೋಮೀಟರ್ ದಾರಿಯುದ್ದಕ್ಕೂ ಹನಿ ತಪ್ಪಲಿಲ್ಲ. ಕೆಳಗಿನ ಅಂಗಳವನ್ನೂ ದಾಟಿ, ಸೈಕಲ್ ಶೆಡ್ಡಿನ ಹೊಸ್ತಿಲು ಹತ್ತಿ, ಒಳಗೆ ಸಿಮೆಂಟಿನ ನೆಲದ ಮೇಲೆ ಅಂಗಿಯ ಗುಂಡಿಯಷ್ಟಗಲದ ಒಂದು ಬಿಳಿ ಚುಕ್ಕೆಯಲ್ಲಿ ಅದು ನಿಂತಿತು.

ಟೈರ್ ತೂತಾದದ್ದು ಹೊರಡುವ ಮೊದಲೇ, ಈ ಶೆಡ್ಡಿನಲ್ಲೇ.

ಗೈಡ್ ಒಳಗೆ ಸ್ಟೂಲಿನ ಮೇಲೆ ಕೂತು ಚೈನುಗಳಿಗೆ ಎಣ್ಣೆ ಬಿಡುತ್ತಿದ್ದ. ಇಪ್ಪತ್ತೆಂಟರ ಪ್ರಾಯ, ಹುರಿಗಟ್ಟಿದ ಕಾಲು, ಬಿಸಿಲಿಗೆ ಕಂದಿದ ಮುಖ. ನಿನ್ನೆಯಿಂದ ಅವನು ಕೈಗೊಂದು ಕೆಲಸ ಹಚ್ಚಿಕೊಂಡೇ ಇದ್ದ, ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ ಎನ್ನುತ್ತಿದ್ದ. ಅವನ ಸೈಕಲ್ ಗೋಡೆಯ ಕೊಕ್ಕೆಯಲ್ಲಿ ಪೊಲೀಸ್ ಚೀಟಿ ಅಂಟಿಸಿಕೊಂಡು ನೇತಾಡುತ್ತಿತ್ತು.

ಇನ್‌ಸ್ಪೆಕ್ಟರಮ್ಮ ಹಿಂಗಾಲಿಯನ್ನು ನಿಧಾನವಾಗಿ ತಿರುಗಿಸಿದಳು. ತೂತು ನೆಲಕ್ಕೆ ತಾಗುವ ಕಡೆ ಇರಲಿಲ್ಲ. ಟೈರಿನ ಪಕ್ಕೆಯಲ್ಲಿ, ರಿಮ್ಮಿನ ಹತ್ತಿರ ಇತ್ತು. ದುಂಡಗೆ, ನುಣ್ಣಗೆ ಇತ್ತು.

“ಇದು ಮುಳ್ಳೇನಪ್ಪ?”

ಅವನು ಬಗ್ಗಿ ನೋಡಿದ. ನೋಡುತ್ತ ಅವನ ಮುಖ ಬಿಳಿಚಿತು. “ಇಲ್ಲ ಮೇಡಂ. ಮುಳ್ಳು ಪಕ್ಕೆಗೆ ಹೋಗಲ್ಲ. ಇದು... ಯಾರೋ ಬೇಕಂತ ಚುಚ್ಚಿದ್ದು.”

“ಯಾವುದರಲ್ಲಿ?”

“ದಬ್ಬಣ ಇರಬೇಕು.” ಅವನು ಎಣ್ಣೆ ಡಬ್ಬಿ ಕೆಳಗಿಟ್ಟ. “ನಮ್ಮಲ್ಲಿ ದಬ್ಬಣ ಇರೋದು ಅತ್ತಿಗೆ ಹತ್ರ ಒಂದೇ. ಹಕ್ಕಿಬಲೆ ಹರಿದ್ರೆ ಹೊಲಿಯೋಕೆ. ಆದ್ರೆ ಅತ್ತಿಗೆ ಯಾಕೆ... ಛೆ, ಇಲ್ಲ ಮೇಡಂ.”

“ಮೇಷ್ಟ್ರು ಮುಂದೆ ಹೋಗಿದ್ದು ಯಾರು ಹೇಳಿ?”

“ಯಾರೂ ಹೇಳಿಲ್ಲ. ದಾರಿ ಖಾಲಿ ಇದೆ, ಗಾಳೀನೂ ಹಿಂದಿನಿಂದ ಬೀಸ್ತಿದೆ ಅಂತ ಹೊರಟೇಬಿಟ್ರು.”

ಶೆಡ್ಡಿನ ಮೇಲೆಯೇ ಅತಿಥಿಗಳ ಕೋಣೆ. ಮೇಷ್ಟ್ರ ಹೆಂಡತಿ ಅಲ್ಲಿ ಕಿಟಕಿಯ ಬಳಿ ಕೂತಿದ್ದಳು. ಮೂವತ್ತರ ಆಚೆ ಈಚೆ ವಯಸ್ಸು, ಗಂಡನಿಗಿಂತ ಬಹಳ ಚಿಕ್ಕವಳು. ಎರಡು ವರ್ಷದಿಂದ ಪ್ರತಿ ರಜೆಗೂ ಗಂಡ ಹೆಂಡತಿ ಇಲ್ಲಿಗೇ ಬರುತ್ತಿದ್ದರು. ನಿನ್ನೆ ಗಂಡನ ಹಿಂದೆ ಬರುತ್ತಿದ್ದವಳು ಅವಳೇ, ಅವನ ಮೈಮೇಲೆ ಬಿದ್ದು ರಕ್ತವನ್ನು ಅಂಗೈಯಲ್ಲಿ ಒತ್ತಿ ಹಿಡಿದವಳೂ ಅವಳೇ. ಎಷ್ಟು ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ಮಂಚದ ಮೇಲೆ ಮೇಷ್ಟ್ರ ಚಿತ್ರದ ಪುಸ್ತಕ ತೆರೆದೇ ಇತ್ತು. ಅರ್ಧ ಗುಡ್ಡ ಬಿಡಿಸಿದ್ದ, ಇನ್ನರ್ಧ ಹಾಳೆ ಖಾಲಿ.

“ಅವರು ಯಾಕಮ್ಮ ಮುಂದೆ ಹೋದ್ರು?” ಎಂದು ಇನ್‌ಸ್ಪೆಕ್ಟರಮ್ಮ ಮೆತ್ತಗೆ ಕೇಳಿದಳು.

“ದಾರಿ ಖಾಲಿ ಇದೆ, ಗಾಳೀನೂ ಹಿಂದಿನಿಂದ ಬೀಸ್ತಿದೆ ಅಂತ ಹೊರಟೇಬಿಟ್ರು,” ಅಂದಳು ಅವಳು, ಮತ್ತೆ ಕಿಟಕಿಯತ್ತ ತಿರುಗಿದಳು.

ಒಂದು ಅಕ್ಷರ ಹೆಚ್ಚು ಕಡಿಮೆ ಇಲ್ಲ. ಸತ್ತವನ ಕೊನೆಯ ಮಾತು ಕೇಳಿದವರ ಕಿವಿಯಲ್ಲಿ ಹಾಗೇ ಕೂತುಬಿಡುತ್ತದೆ ಎಂದುಕೊಂಡು ಇನ್‌ಸ್ಪೆಕ್ಟರಮ್ಮ ಮೆಟ್ಟಿಲಿಳಿದಳು.

ಕೆಳಗೆ ಕಡ್ಡಿಯನ್ನು ಪಕ್ಕಕ್ಕೆ ಕರೆದಳು. “ಕೊಲ್ಲೋಕೆ ನೋಡಿದೋನು ಇನ್ನೊಂದು ಸಲ ನೋಡ್ತಾನೆ. ಈ ಹುಡುಗನನ್ನ ಒಂದು ನಿಮಿಷ ಕಣ್ಣು ತಪ್ಪಿಸಬೇಡ. ಅವನಣ್ಣ ಈ ಕಡೆ ಕಾಲಿಟ್ಟರೆ ಲಾಠಿ ಬೀಸು, ಆಮೇಲೆ ಮಾತಾಡು.”

“ಆ ಗೂಳಿಗೆ ಲಾಠಿ ಅಂದ್ರೆ ಕೆರೆದುಕೊಳ್ಳೋ ಕಡ್ಡಿ ಮೇಡಂ.”

“ಹಾಗಾದ್ರೆ ಎರಡೇಟು ಹಾಕು.”

ಅಂಗಳದ ಆಚೆ ಬದಿಗೆ ವೈನ್ ಶೆಡ್ ಇತ್ತು. ಅರ್ಧ ನೆಲದೊಳಗೆ ಇಳಿದ ಕಲ್ಲಿನ ಕಟ್ಟಡ. ಹನ್ನೆರಡು ಮೆಟ್ಟಿಲು ಇಳಿಯುವಷ್ಟರಲ್ಲಿ ಬಿಸಿಲು ಹೋಗಿ ತಂಪಾಯಿತು, ಹುಳಿ ಸಿಹಿ ಎರಡೂ ಕಲೆತ ವಾಸನೆ ಮೂಗಿಗೆ ಅಡರಿತು. ಮನೆಯೆತ್ತರದ ನಾಲ್ಕು ಸ್ಟೀಲ್ ಟ್ಯಾಂಕುಗಳ ಒಳಗೆ ಹುದುಗುವ ರಸದ ಬುಳುಬುಳು ಸದ್ದು. ನಡುವೆ, ಹಣ್ಣು ಹಿಂಡುವ ಯಂತ್ರದ ಅಡಿಗೆ, ರಸ ಬಂದು ಬೀಳುವ ಸಿಮೆಂಟಿನ ಗುಂಡಿ. ಆಳ ಆಳುದ್ದಕ್ಕಿಂತ ಹೆಚ್ಚು, ಇಳಿಯಲು ಗೋಡೆಗೆ ಕಬ್ಬಿಣದ ಏಣಿ.

ಅಣ್ಣನ ಹೆಂಡತಿ ಹಲಗೆಯ ಮೇಲೆ ನಿಂತು, ತೆರೆದ ತೊಟ್ಟಿಯಲ್ಲಿ ಮೇಲೆ ತೇಲಿ ಬಂದ ಸಿಪ್ಪೆಯನ್ನು ಉದ್ದ ಮರದ ಕೋಲಿನಿಂದ ಒತ್ತಿ ಒತ್ತಿ ಮುಳುಗಿಸುತ್ತಿದ್ದಳು. ನಲವತ್ತೈದರ ಹೆಂಗಸು. ಮೊಳಕೈವರೆಗೆ ನೇರಳೆ ಬಣ್ಣ ಹತ್ತಿತ್ತು. ಮೈದುನ ಕರೆಯುವುದನ್ನು ಕೇಳಿ ಕೇಳಿ ತೋಟದ ಆಳುಗಳೆಲ್ಲ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು.

“ಅತ್ತಿಗೆ, ನಿಮ್ಮ ದಬ್ಬಣ ಸ್ವಲ್ಪ ಬೇಕಿತ್ತು.”

ಕೋಲು ನಿಂತಿತು. “ಕಳೆದುಹೋಯ್ತು.”

“ಯಾವಾಗ?”

“ಹೋದ ವಾರ.”

“ಹೋದ ವಾರ ಕಳೆದದ್ದು ನಿನ್ನೆ ಬೆಳಗ್ಗೆ ನಿಮ್ಮ ಮೈದುನನ ಟೈರಿಗೆ ಹೇಗೆ ಚುಚ್ಚಿತು?”

ಅತ್ತಿಗೆ ಕೋಲನ್ನು ತೊಟ್ಟಿಯಿಂದ ಮೇಲೆತ್ತಿದಳು. ಕೋಲಿನ ತುದಿಯಿಂದ ರಸ ತೊಟ್ಟಿಕ್ಕುತ್ತಿತ್ತು.

ಇನ್‌ಸ್ಪೆಕ್ಟರಮ್ಮ ಒಂದು ಖಾಲಿ ಕ್ರೇಟನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಮೊಣಕಾಲು ನೀವಿಕೊಳ್ಳುತ್ತ, ಮನೆಯ ಮಾತು ಆಡುವ ಧಾಟಿಯಲ್ಲಿ ಹೇಳಿದಳು: “ನನಗೆ ಅನ್ನಿಸೋದು ಹೇಳ್ತೀನಿ. ಟೈರ್ ಶೆಡ್ಡಲ್ಲೇ ಗಾಳಿ ಬಿಟ್ಟಿದ್ರೆ ನಿನ್ನೆ ಅವನು ಹೊರಡ್ತಾನೇ ಇರಲಿಲ್ಲ. ಚುಚ್ಚಿದವರಿಗೆ ಬೇಕಾಗಿದ್ದೂ ಅದೇ. ಆದರೆ ಒಳಗಿನ ಅಂಟು ತೂತನ್ನ ಅರ್ಧ ಮುಚ್ಚಿತು, ಟೈರ್ ನೆತ್ತಿವರೆಗೂ ತಡೀತು. ಚುಚ್ಚಿದವರು ಅವನನ್ನ ಕೊಲ್ಲೋಕೆ ನೋಡಿದವರಲ್ಲ, ಉಳಿಸೋಕೆ ನೋಡಿದವರು. ಅಂದ್ರೆ ದಾರಿಯಲ್ಲಿ ಏನಿದೆ ಅಂತ ಅವರಿಗೆ ಗೊತ್ತಿತ್ತು.”

ಅತ್ತಿಗೆ ಹಲಗೆಯಿಂದ ಇಳಿದಳು. ಇಳಿದವಳು ಕೋಲನ್ನು ಗೋಡೆಗೆ ಒರಗಿಸಿ ಅಲ್ಲೇ ನೆಲಕ್ಕೆ ಕೂತಳು.

“ನಾನು ಈ ಮನೆಗೆ ಬಂದಾಗ ಅವನಿಗೆ ಒಂಬತ್ತು ವರ್ಷ,” ಅಂದಳು. “ತಾಯಿ ಇರಲಿಲ್ಲ. ನನ್ನ ಸೆರಗು ಹಿಡ್ಕೊಂಡೇ ಮಲಗ್ತಿದ್ದ. ನನಗೂ ಮಕ್ಕಳಾಗಲಿಲ್ಲ. ಮೊನ್ನೆ ಸಂಜೆ ಇವರು ತಂತಿ ಸುರುಳಿ, ಇಕ್ಕಳ ತಗೊಂಡು ಹೋದ್ರು. ಬಳ್ಳಿ ಕಟ್ಟೋ ಕಾಲ ಅಲ್ಲ ಇದು. ಬಂದು ಕೈ ತೊಳ್ಕೊಂಡು ಊಟಕ್ಕೆ ಕೂತ್ರು. ನನ್ನ ಮುಖ ನೋಡಲಿಲ್ಲ. ಇಪ್ಪತ್ತು ವರ್ಷ ಒಟ್ಟಿಗೆ ಇದ್ದೀನಲ್ಲ ಮೇಡಂ, ನನಗೆ ಗೊತ್ತಾಗದೇ ಇರುತ್ತಾ?”

“ಮೈದುನನಿಗೆ ಹೇಳಬಹುದಿತ್ತಲ್ಲ?”

“ಹೇಳಿದ್ರೆ ಅವನು ಸುಮ್ಮನಿರ್ತಿದ್ನಾ? ಅಣ್ಣನ್ನ ಕಡಿದು ಹಾಕ್ತಿದ್ದ. ಇಲ್ಲಾ ಇವರು ನನ್ನ ಹೂತು ಹಾಕ್ತಿದ್ರು. ಬಾಯಿಗೆ ಮಾತು ಬರಲಿಲ್ಲ. ಬೆಳಕು ಹರಿಯೋ ಹೊತ್ತಿಗೆ ಎದ್ದು ಹೋಗಿ ಚುಚ್ಚಿ ಬಂದೆ. ಆ ಮೇಷ್ಟ್ರು... ಹಿಂದಿನ ದಿನ ತಾನೇ ನನ್ನ ಕೈಯ ಚಿತ್ರ ಬರೆದುಕೊಟ್ಟಿದ್ರು.”

“ಈಗ ಮಾತು ಬಂತೇನೇ?”

ಮೆಟ್ಟಿಲ ಮೇಲೆ, ಬಾಗಿಲಿನ ಬೆಳಕಿಗೆ ಅಡ್ಡವಾಗಿ ಅವಳ ಗಂಡ ನಿಂತಿದ್ದ. ತೋಟದಿಂದ ನೇರ ಬಂದಂತಿತ್ತು, ಬೂಟಿನ ತುಂಬ ಕೆಂಪು ಧೂಳು. ಬೆಲ್ಟಿನಲ್ಲಿ ಇಕ್ಕಳ, ಬಲಗೈಯಲ್ಲಿ ಬಳ್ಳಿ ಸವರುವ ಉದ್ದ ಹಿಡಿಯ ಕತ್ತರಿ. ಆಳುಗಳು ಅವನನ್ನು ಹಿಂದಿನಿಂದ ಗೂಳಿ ಎನ್ನುತ್ತಿದ್ದದ್ದು ಸುಮ್ಮನೆ ಅಲ್ಲ.

“ಕೆಳಗಿಡು ಅದನ್ನ,” ಅಂದಳು ಇನ್‌ಸ್ಪೆಕ್ಟರಮ್ಮ, ಏಳುತ್ತ.

ಅವನು ಅವಳತ್ತ ನೋಡಲೂ ಇಲ್ಲ. “ಅವನನ್ನ ಉಳಿಸೋಕೆ ನನ್ನ ಕುತ್ತಿಗೆಗೆ ಹಗ್ಗ ಹಾಕ್ತೀಯಾ? ಯಾರ ಅನ್ನ ತಿಂತಿದ್ದೀಯೇ ನೀನು?”

ಕೊನೆಯ ಆರು ಮೆಟ್ಟಿಲನ್ನು ಅವನು ಇಳಿಯಲಿಲ್ಲ, ಹಾರಿದ. ಕತ್ತರಿಯ ಹಿಡಿ ಹೆಂಡತಿಯ ಕೆನ್ನೆಗೆ ಬಿದ್ದ ಸದ್ದು ಹಸಿ ಕಟ್ಟಿಗೆ ಸೀಳಿದಂತೆ ಕೇಳಿಸಿತು. ಅವಳು ತೊಟ್ಟಿಯ ಅಂಚಿಗೆ ತಲೆ ಬಡಿದುಕೊಂಡು ಬಿದ್ದಳು. ಬಾಯಿಂದ ರಕ್ತದ ಜೊತೆ ಒಂದು ಹಲ್ಲು ಹೊರಬಿತ್ತು. ಅವನು ಎರಡನೆಯ ಏಟಿಗೆ ಕತ್ತರಿ ಎತ್ತಿದ.

ಇನ್‌ಸ್ಪೆಕ್ಟರಮ್ಮ ಪಿಸ್ತೂಲಿಗೆ ಕೈ ಹಾಕಿದ್ದಳು, ಆದರೆ ಸುತ್ತ ಸ್ಟೀಲು, ಗುಂಡು ಯಾವ ಕಡೆ ಸಿಡಿಯುತ್ತದೋ ಹೇಳಲಾಗದು. ಕೂತಿದ್ದ ಕ್ರೇಟನ್ನೇ ಎತ್ತಿ ಅವನ ಬೆನ್ನಿಗೆ ಬೀಸಿದಳು. ಕ್ರೇಟು ಚೂರಾಯಿತು, ಗೂಳಿ ಅಲುಗಲಿಲ್ಲ. ತಿರುಗಿದ. ಕತ್ತರಿಯ ಬಾಯಿ ತೆರೆದು ಅವಳ ಹೊಟ್ಟೆಗೆ ಹೂಡಿದ. ಅವಳು ಎಡಗೈ ಅಡ್ಡ ಕೊಟ್ಟಳು. ಅಲಗು ಮುಂಗೈಯ ಮಾಂಸಕ್ಕೆ ಹೊಕ್ಕು ಎಲುಬಿಗೆ ತಾಗಿ ನಿಂತಿತು. ಎಲುಬಿನ ಮೇಲೆ ಕಬ್ಬಿಣ ಉಜ್ಜಿದ್ದು ಅವಳಿಗೆ ನೋವಿಗಿಂತ ಮೊದಲು ಸದ್ದಾಗಿ ಗೊತ್ತಾಯಿತು.

ನೋವು ಬಂದಾಗ ಕಣ್ಣು ಕತ್ತಲಿಟ್ಟಿತು. ಅವಳು ಚೀರಲಿಲ್ಲ, ಆ ಉಸಿರನ್ನು ಉಳಿಸಿಕೊಂಡು ತಲೆಯಿಂದ ಅವನ ಮೂಗಿಗೆ ಗುದ್ದಿದಳು. ಮೂಗಿನ ಎಲುಬು ಪಟ್ ಎಂದಿತು. ಅವನು ಕತ್ತರಿ ಬಿಟ್ಟು ಎರಡೂ ಕೈಯಲ್ಲಿ ಅವಳ ಗಂಟಲು ಹಿಡಿದ. ಇಬ್ಬರೂ ಟ್ಯಾಂಕಿಗೆ ಅಪ್ಪಳಿಸಿದರು. ಅವನ ಮೂಗಿನ ರಕ್ತ ಅವಳ ಮುಖಕ್ಕೆ ಬಿಸಿಯಾಗಿ ಸುರಿಯಿತು. ಹೆಬ್ಬೆರಳು ಗಂಟಲ ಗುಳಿಗೆ ಇಳಿಯುತ್ತಿತ್ತು. ಕಿವಿಯಲ್ಲಿ ಬುಳುಬುಳು ಸದ್ದು ದೊಡ್ಡದಾಗುತ್ತ ಹೋಯಿತು, ಅದು ಟ್ಯಾಂಕಿನದೋ ತನ್ನ ನೆತ್ತರಿನದೋ ತಿಳಿಯದಂತಾಯಿತು.

ಆಗ ಅತ್ತಿಗೆ ತೆವಳಿಕೊಂಡು ಹೋಗಿ ಟ್ಯಾಂಕಿನ ಅಡಿಯ ದೊಡ್ಡ ನಲ್ಲಿಯ ಹಿಡಿಕೆಗೆ ಜೋತುಬಿದ್ದಳು.

ತೋಳು ದಪ್ಪದ ರಸದ ಧಾರೆ ಗಂಡನ ಮೊಣಕಾಲಿಗೆ ಅಪ್ಪಳಿಸಿತು. ಅವನ ಕಾಲು ನೆಲ ಬಿಟ್ಟಿತು. ಇನ್‌ಸ್ಪೆಕ್ಟರಮ್ಮನ ಗಂಟಲು ಬಿಟ್ಟು ಗಾಳಿಯಲ್ಲಿ ಕೈ ಆಡಿಸಿದ, ಜಾರಿದ, ಗುಂಡಿಯ ಅಂಚಿಗೆ ಸೊಂಟ ಬಡಿದುಕೊಂಡು ಒಳಗೆ ಉರುಳಿದ.

ಇನ್‌ಸ್ಪೆಕ್ಟರಮ್ಮ ಕೆಮ್ಮುತ್ತ ಅಂಚಿಗೆ ಬಂದಳು. ಗುಂಡಿಯೊಳಗೆ ಸಿಪ್ಪೆಯ ರಾಡಿಯಲ್ಲಿ ಅವನು ಮೊಣಕಾಲೂರಿ ಎದ್ದ, ಏಣಿಗೆ ಕೈ ಚಾಚಿದ, ಬಾಯಿ ಕಳೆದ. ಕೈ ಏಣಿಯವರೆಗೆ ಹೋಗಲಿಲ್ಲ. ಅಮಲೇರಿದವನಂತೆ ತೂಗಾಡಿ ಗೋಡೆಗೆ ಒರಗಿದ. ಅವಳು ಏಣಿಯ ಮೇಲೆ ಕಾಲಿಟ್ಟಳು.

“ಇಳೀಬೇಡಿ!” ಅತ್ತಿಗೆ ಒಡೆದ ಬಾಯಿಂದ ಕೂಗಿದಳು. “ಅಲ್ಲಿ ಗಾಳಿ ಇಲ್ಲ! ಹುದುಗಿನ ಗ್ಯಾಸೆಲ್ಲ ಗುಂಡಿಗೇ ಇಳಿದಿರುತ್ತೆ! ಇಳಿದ್ರೆ ನೀವೂ ಏಳಲ್ಲ!”

ಐದು ನಿಮಿಷ ಸುಮ್ಮನೆ ನಿಂತರೆ ಸಾಕಿತ್ತು. ಒಬ್ಬ ಕೊಲೆಗಾರ ತಾನಾಗಿ ಮುಗಿಯುತ್ತಿದ್ದ, ಯಾರೂ ಅವಳನ್ನು ಪ್ರಶ್ನಿಸುತ್ತಿರಲಿಲ್ಲ. ಇನ್‌ಸ್ಪೆಕ್ಟರಮ್ಮ ಎಡಗೈಯ ಗಾಯವನ್ನು ಹೊಟ್ಟೆಗೆ ಒತ್ತಿಕೊಂಡು ಸುತ್ತ ನೋಡಿದಳು. ಅತ್ತಿಗೆ ಆಗಲೇ ಸಿಪ್ಪೆ ಎಳೆಯುವ ಕೊಕ್ಕೆಯ ಕೋಲು ತಂದಿದ್ದಳು. ಕೆನ್ನೆ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು.

“ಬೆಲ್ಟಿಗೆ ಸಿಕ್ಕಿಸಿ,” ಅಂದಳು. “ನಾನೊಬ್ಬಳೇ ಎಳೆಯೋಕಾಗಲ್ಲ.”

ಇಬ್ಬರು ಹೆಂಗಸರು, ಮೂರು ಕೈ. ಉಸಿರು ಬಿಗಿಹಿಡಿದು ಎಳೆದರು. ಒಂದು ಸಲ ಕೊಕ್ಕೆ ಜಾರಿ ಅವನ ಪಕ್ಕೆಯನ್ನು ಸೀಳಿತು. ಎರಡನೆಯ ಸಲ ಬೆಲ್ಟು ಹಿಡಿಯಿತು. ಅಂಚಿನ ಮೇಲೆ ಬಂದು ಬಿದ್ದಾಗ ಅವನ ತುಟಿ ನೀಲಿಯಾಗಿತ್ತು. ಅತ್ತಿಗೆ ಅವನ ಎದೆಯ ಮೇಲೆ ಕೂತು ಎರಡೂ ಕೈಯಿಂದ ಗುದ್ದಿದಳು, ಪ್ರಾಣ ಬರಿಸಲೋ ತೀರಿಸಲೋ ನೋಡಿದವರಿಗೆ ಗೊತ್ತಾಗುವಂತಿರಲಿಲ್ಲ. ಅವನು ಕೊರಕ್ ಎಂದು ಉಸಿರೆಳೆದ, ವಾಂತಿ ಮಾಡಿದ, ಮತ್ತೆ ಎಳೆದ.

ಇನ್‌ಸ್ಪೆಕ್ಟರಮ್ಮ ಅವನ ಎರಡೂ ಮಣಿಕಟ್ಟಿಗೆ ಬೇಡಿ ತೊಡಿಸಿ, ಅತ್ತಿಗೆ ಕೊಟ್ಟ ಬಟ್ಟೆಯನ್ನು ತನ್ನ ಮುಂಗೈಗೆ ಹಲ್ಲಿನಿಂದ ಬಿಗಿದುಕೊಂಡಳು. “ಡ್ರಾಯಿಂಗ್ ಮೇಷ್ಟ್ರ ಕೊಲೆಗೆ ನಿನ್ನನ್ನ ಹಿಡಿದಿದ್ದೀನಿ. ತಂತಿ ಕಟ್ಟಿದ್ದು ನೀನು. ಹೌದಾ ಅಲ್ವಾ?”

“ಹೌದು,” ಅಂದ ಅವನು, ಚಾವಣಿ ನೋಡುತ್ತ. ಆಮೇಲೆ ತಲೆ ಅಲ್ಲಾಡಿಸಿದ. “ಕೊಲ್ಲೋಕಲ್ಲ. ಮೊಣಕಾಲ ಮಟ್ಟಕ್ಕೆ ಕಟ್ಟಿದ್ದೆ. ಗಾಲಿಗೆ ಸಿಕ್ಕಿ ಬೀಳಲಿ, ಕೈಯೋ ಕಾಲೋ ಮುರೀಲಿ, ಈ ದಾರಿ ಸಹವಾಸ ಬಿಡಲಿ ಅಂತ. ಅವನು ನನ್ನ ತಮ್ಮ ಕಣಮ್ಮ. ಕುತ್ತಿಗೆಗೆ ನಾನು ಕಟ್ಟಿಲ್ಲ.”

“ಸುಳ್ಳು.”

“ಈಗ ತಾನೇ ಸತ್ತು ಬಂದೆ. ಸುಳ್ಳು ಹೇಳಿ ಏನು ಮಾಡ್ಲಿ? ನಾನು ಕಟ್ಟಿದ ಮೇಲೆ ಯಾರೋ ಬಿಚ್ಚಿ ಮೇಲೆ ಕಟ್ಟಿದ್ದಾರೆ.”

ಸಂಜೆ ಅವನು ಕಟ್ಟಿದ. ಬೆಳಗ್ಗೆ ಎಂಟೂವರೆಗೆ ಮೇಷ್ಟ್ರು ಸತ್ತರು. ನಡುವೆ ಗೇಟುಗಳಿಗೆ ಬೀಗ. ಇನ್‌ಸ್ಪೆಕ್ಟರಮ್ಮ ಅತ್ತಿಗೆಯ ಕಡೆ ತಿರುಗಿದಳು. “ಸೈಕಲ್ಲಿನವರು ಹೊರಡೋಕೆ ಮುಂಚೆ ಆ ದಾರಿಯಲ್ಲಿ ಯಾರಾದ್ರೂ ಹೋಗ್ತಾರಾ?”

“ಯಾರೂ ಇಲ್ಲ. ಮೈದುನ ಒಬ್ಬನೇ. ದಿನಾ ಬೆಳಗ್ಗೆ ಆರು ಗಂಟೆಗೆ ಬೇರೆ ಸೈಕಲ್ ತಗೊಂಡು ಪೂರ್ತಿ ದಾರಿ ಒಂದು ಸಲ ಹೋಗಿ, ಬಿದ್ದ ಕೊಂಬೆ ಕಲ್ಲು ಎಲ್ಲಾ ತೆಗೆದು...”

ಟೈರ್ ಚುಚ್ಚುವ ಗಾಬರಿಯಲ್ಲಿ ಆ ಆರು ಗಂಟೆಯ ಸುತ್ತು ಅವಳಿಗೆ ನೆನಪೇ ಆಗಿರಲಿಲ್ಲ. ಅತ್ತಿಗೆಯ ತೆರೆದಿದ್ದ ಒಂದು ಕಣ್ಣು ಮೆಲ್ಲಗೆ ದೊಡ್ಡದಾಯಿತು.

ನಿನ್ನೆಯೂ ಅವನು ಹೋಗಿದ್ದರೆ ತಂತಿ ಕಂಡಿರಲೇಬೇಕು. ಕಂಡೂ ತೆಗೆಯಲಿಲ್ಲ, ಬಿಚ್ಚಿ ಕುತ್ತಿಗೆ ಮಟ್ಟಕ್ಕೆ ಎತ್ತಿ ಕಟ್ಟಿದ. ಎರಡು ಗಂಟೆಯ ನಂತರ ನೆತ್ತಿಯ ಮೇಲೆ ತಾನು ನಿಂತು, ಒಬ್ಬನನ್ನು ಮುಂದೆ ಬಿಟ್ಟ. ಯಾರೋ ಚುಚ್ಚಿದ್ದ ಟೈರು ಅವನಿಗೆ ಕೇಳದೆ ಸಿಕ್ಕ ನೆಪವಾಯಿತು.

ಇನ್‌ಸ್ಪೆಕ್ಟರಮ್ಮ ಫೋನ್ ತೆಗೆದು ಕಡ್ಡಿಗೆ ಕರೆ ಮಾಡಿದಳು. ರಿಂಗ್ ಆಗುತ್ತಿತ್ತು. ಫೋನ್ ಕಿವಿಗೆ ಹಿಡಿದೇ ಮೆಟ್ಟಿಲು ಹತ್ತಿದಳು. ಅಂಗಳಕ್ಕೆ ಬಂದರೆ ಕಡ್ಡಿಯ ಫೋನಿನ ರಿಂಗ್ ಸೈಕಲ್ ಶೆಡ್ಡಿನ ಒಳಗಿನಿಂದ ಕೇಳಿಸುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ.

ಕಡ್ಡಿ ಹೊಸ್ತಿಲ ಮೇಲೆ ಅಂಗಾತ ಬಿದ್ದಿದ್ದ. ಪಕ್ಕದಲ್ಲಿ ಗಾಳಿ ಹೊಡೆಯುವ ಕಬ್ಬಿಣದ ಪಂಪು, ಅದರ ಬುಡಕ್ಕೆ ಕೂದಲು ಅಂಟಿಕೊಂಡಿತ್ತು. ನೆತ್ತಿ ಒಡೆದು ರಕ್ತ ಕಿವಿಯ ಸುತ್ತ ಹರಡಿತ್ತು. ಅವಳು ಕುತ್ತಿಗೆ ಮುಟ್ಟಿ ನೋಡಿದಳು. ನಾಡಿ ಹೊಡೆಯುತ್ತಿತ್ತು, ತೀರ ಸಣ್ಣಗೆ.

“ಆಂಬುಲೆನ್ಸಿಗೆ ಫೋನ್ ಮಾಡಿ!” ಎಂದು ಹಿಂದೆ ಬಂದ ಅತ್ತಿಗೆಯ ಕೈಗೆ ಫೋನ್ ತುರುಕಿ, ಮೇಲಿನ ಕೋಣೆಗೆ ಕೂಗು ಹಾಕಿದಳು. “ಅಮ್ಮಾ! ಮೇಷ್ಟ್ರ ಹೆಂಡ್ತೀ!”

ಕಿಟಕಿ ತೆರೆದಿತ್ತು, ಅಲ್ಲಿ ಯಾರೂ ಇರಲಿಲ್ಲ.

ಶೆಡ್ಡಿನ ಗೋಡೆಯಲ್ಲಿ ಎರಡು ಕೊಕ್ಕೆ ಖಾಲಿಯಾಗಿದ್ದವು.

ಅವಳು ಅಂಗಳದ ಅಂಚಿಗೆ ಕುಂಟುತ್ತ ಓಡಿದಳು. ಎದುರು ಗುಡ್ಡದ ಮೇಲೆ ನಡು ಮಧ್ಯಾಹ್ನದ ಬಿಸಿಲಿಗೆ ಜಲ್ಲಿ ದಾರಿ ಬೆಳ್ಳಗೆ ಉರಿಯುತ್ತಿತ್ತು. ಮೊದಲ ಏರಿನ ತುದಿಯ ಹತ್ತಿರ ಎರಡು ಸೈಕಲ್ಲುಗಳು, ಒಂದಕ್ಕೊಂದು ಮೈತಾಗುವಷ್ಟು ಹತ್ತಿರ. ಅರ್ಧ ಗಾಲಿ ಮುಂದೆ ಹೆಂಗಸು. ಅವಳ ಬೆನ್ನ ನಡುವೆ ಗೈಡ್‌ನ ಅಂಗೈ ಇತ್ತು. ಏರಿನಲ್ಲಿ ಅವಳು ದಣಿಯದಂತೆ ಅವನು ತಳ್ಳಿಕೊಂಡು ಹೋಗುತ್ತಿದ್ದ, ಎಷ್ಟೋ ಸಲ ತಳ್ಳಿ ಅಭ್ಯಾಸವಾದವನ ಹಾಗೆ. ಗೇಟಿನ ಬೀಗದ ಕೈ ಅವನ ಜೇಬಿನಲ್ಲಿತ್ತು. ಜೀಪು ಗೇಟಿನ ಆಚೆ ನಿಂತಿತ್ತು.

“ನಾನೇ ಅವನಿಗೆ ಸೈಕಲ್ ಕಲಿಸಿದ್ದು,” ಅಂದಳು ಅತ್ತಿಗೆ ಪಕ್ಕದಲ್ಲಿ ನಿಂತು, ಫೋನ್ ಕಿವಿಯಲ್ಲೇ ಇಟ್ಟುಕೊಂಡು. “ಹೀಗೇ, ಬೆನ್ನಿಗೆ ಕೈ ಇಟ್ಟು.”

ಹಿಂದೆ ಬೇಡಿ ಸದ್ದಾಯಿತು. ವೈನ್ ಶೆಡ್ಡಿನ ಬಾಗಿಲಿಗೆ ಗೂಳಿ ಮೊಣಕಾಲಿನ ಮೇಲೆಯೇ ತೆವಳಿಕೊಂಡು ಬಂದಿದ್ದ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಗುಡ್ಡ ನೋಡಿದ. ಅವನ ಮುಖದಲ್ಲಿ ಮೊದಲು ಒಂದು ಬಗೆಯ ಸಮಾಧಾನ ಮೂಡಿತು. ಆಮೇಲೆ ಅದು ಹೋಯಿತು.

“ಮುಂದೆ ಇರೋದು ಯಾರು?”

“ಮೇಷ್ಟ್ರ ಹೆಂಡತಿ,” ಅಂದಳು ಇನ್‌ಸ್ಪೆಕ್ಟರಮ್ಮ.

“ಅಯ್ಯೋ, ಕೂಗಿ ನಿಲ್ಲಿಸಿ ಅವಳನ್ನ!” ಅವನು ಬೇಡಿ ಹಾಕಿದ ಎರಡೂ ಕೈಯನ್ನು ಗುಡ್ಡದತ್ತ ಎತ್ತಿದ. “ನಿನ್ನೆ ಹೆಣ ನೋಡಿದಾಗಲೇ ನನಗೆ ಗೊತ್ತಾಯ್ತು, ತಂತಿ ಎತ್ತಿ ಕಟ್ಟಿ ಕೊಲೆ ನನ್ನ ತಲೆಗೆ ಕಟ್ಟಿದ್ದು ಅವನೇ ಅಂತ. ನೀವು ಗುಡ್ಡ ಇಳಿದು ಬಂದ ಮೇಲೆ ಹೋಗಿ ಇನ್ನೊಂದು ಕಟ್ಟಿ ಬಂದೆ. ಆ ಏರಿನ ಆಚೆ, ಇಳಿಜಾರಿನಲ್ಲಿ. ಇದು ಮೊಣಕಾಲಿಗಲ್ಲ.”

ಗುಡ್ಡದ ತುದಿಯಲ್ಲಿ ಗೈಡ್ ಅವಳ ಬೆನ್ನಿನಿಂದ ಕೈ ತೆಗೆದ. ಏರು ಮುಗಿದಿತ್ತು. ಹೆಂಗಸು ಹ್ಯಾಂಡಲ್ ಮೇಲೆ ಬಾಗಿದಳು, ಆಚೆಯ ಇಳಿಜಾರಿಗೆ ಸೈಕಲ್ ಬಿಟ್ಟಳು.